ಹಡಗಿನಲ್ಲಿ ಬರುವ ಅನಿಲಕ್ಕೂ ಯೂರಿಯಾ ಚೀಲಕ್ಕೂ ಏನು ನಂಟು?

ನಮ್ಮ ಮನೆಗೆ ಕೊಳವೆ ಅನಿಲ ಬಂದ ದಿನ, ಒಲೆ ಸರಿಮಾಡಲು ಬಂದ ಹುಡುಗ ಮೊದಲು ಬರ್ನರ್ ಎತ್ತಿ ಅದರಡಿಯ ಹಿತ್ತಾಳೆಯ ಪುಟ್ಟ ಜೆಟ್ ಬಿಚ್ಚಿದ. ಹಳೆಯದನ್ನೂ ತಾನು ತಂದ ಹೊಸದನ್ನೂ ಅಂಗೈಯ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದ. ನೋಡಲು ಎರಡೂ ಒಂದೇ. ಬೆಳಕಿಗೆ ಹಿಡಿದಾಗ ಮಾತ್ರ ಹೊಸದರ ತೂತು ಒಂದಿಷ್ಟು ದೊಡ್ಡದೆಂದು ಗೊತ್ತಾಯಿತು. ಇದು ಬೇರೆ ಅನಿಲ, ಇದರ ಕಾವು ಕಡಿಮೆ, ಅದಕ್ಕೇ ಹೆಚ್ಚು ಬಿಡಬೇಕು ಎಂದು ವಿವರಿಸಿದ. ಎರಡು ನಿಮಿಷದ ಕೆಲಸ. ಅಂದಿನಿಂದ ನಮ್ಮ ಒಲೆ ಬೇರೊಂದು ಮಾರುಕಟ್ಟೆಗೆ, ಬೇರೊಂದು ಲೆಕ್ಕಕ್ಕೆ ಸೇರಿಕೊಂಡಿತು.

ಇರಾನ್, ಇಸ್ರೇಲ್, ಕತಾರ್ ಎಂಬ ಹೆಸರುಗಳು ಸುದ್ದಿಯಲ್ಲಿ ಒಟ್ಟಿಗೆ ಬಂದಾಗಲೆಲ್ಲ ಮನೆಮನೆಯಲ್ಲಿ ಏಳುವ ಪ್ರಶ್ನೆ, ‘ಸಿಲಿಂಡರ್ ಸಿಗುತ್ತದೆಯೇ?’ ಪ್ರಶ್ನೆ ಸಹಜವೇ. ಆದರೆ ನೈಸರ್ಗಿಕ ಅನಿಲದ ಜಾಗತಿಕ ವ್ಯಾಪಾರ ಏರುಪೇರಾದಾಗ ಪೆಟ್ಟು ಬೀಳುವ ಜಾಗಗಳು ಬಹಳಷ್ಟು ಅಡುಗೆಮನೆಯ ಆಚೆ ಇವೆ. ಅವುಗಳಲ್ಲಿ ದೊಡ್ಡದು ರೈತನ ಹೊಲ. ಹೊಲಕ್ಕೂ ಕತಾರಿನ ಸಮುದ್ರದಡಿಯ ಅನಿಲಕ್ಕೂ ಇರುವ ನಂಟನ್ನು ತಿಳಿಯಲು ಸ್ವಲ್ಪ ಬುಡದಿಂದಲೇ ಹೊರಡಬೇಕು.

ಸಿಲಿಂಡರಿನ ಅನಿಲ ಬೇರೆ, ಕೊಳವೆಯ ಅನಿಲ ಬೇರೆ

ಸಿಲಿಂಡರಿನಲ್ಲಿ ಇರುವುದು ಎಲ್‌ಪಿಜಿ. ಅದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಕಚ್ಚಾ ತೈಲವನ್ನು ಸಂಸ್ಕರಿಸುವಾಗ ಸಿಗುತ್ತದೆ, ನೆಲದಿಂದ ಬಂದ ಅನಿಲವನ್ನು ಶುದ್ಧ ಮಾಡುವಾಗಲೂ ಸಿಗುತ್ತದೆ. ಸ್ವಲ್ಪ ಒತ್ತಡ ಕೊಟ್ಟರೆ ಸಾಕು, ಮಾಮೂಲಿ ಶಾಖದಲ್ಲೇ ದ್ರವವಾಗುತ್ತದೆ. ಸಿಲಿಂಡರ್ ಅಲುಗಾಡಿಸಿದರೆ ಒಳಗೆ ನೀರು ಕುಲುಕಿದ ಹಾಗೆ ಸದ್ದಾಗುವುದು ಅದಕ್ಕೇ. ಗಾಳಿಗಿಂತ ಭಾರವಾದ ಕಾರಣ ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ.

ಕೊಳವೆಯಲ್ಲಿ ಬರುವುದು ನೈಸರ್ಗಿಕ ಅನಿಲ. ಅದರ ಬಹುಪಾಲು ಮೀಥೇನ್. ಇದು ಗಾಳಿಗಿಂತ ಹಗುರ, ಸೋರಿದರೆ ಸೂರಿನತ್ತ ಏರುತ್ತದೆ. ಎರಡಕ್ಕೂ ತಮ್ಮದೇ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲಿ ಎಂದು ಕೆಟ್ಟ ವಾಸನೆಯ ರಾಸಾಯನಿಕವನ್ನು ಬೇಕೆಂದೇ ಬೆರೆಸುತ್ತಾರೆ.

ಗೊಂದಲ ಹುಟ್ಟಿಸುವ ಉಳಿದ ಮೂರು ಹೆಸರುಗಳು ಮೀಥೇನಿನವೇ. ಮನೆಯ ಕೊಳವೆಗೆ ಬಂದರೆ ಪಿಎನ್‌ಜಿ, ಆಟೊ ಅಥವಾ ಬಸ್ಸಿನ ಟ್ಯಾಂಕಿನಲ್ಲಿ ಬಲವಾಗಿ ಒತ್ತಿ ತುಂಬಿದರೆ ಸಿಎನ್‌ಜಿ, ಹೆಪ್ಪುಗಟ್ಟಿಸುವ ಚಳಿಯಲ್ಲಿ ದ್ರವ ಮಾಡಿ ಹಡಗಿಗೆ ತುಂಬಿದರೆ ಎಲ್‌ಎನ್‌ಜಿ. ನೀರು ಕೊಡದಲ್ಲಿದ್ದರೂ ನೀರೇ, ನಲ್ಲಿಯಲ್ಲಿದ್ದರೂ ನೀರೇ ಅಲ್ಲವೇ, ಹಾಗೆ.

ಭಾರತ ತನಗೆ ಬೇಕಾದ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುತ್ತದೆ. ಅದರ ಬಹುಪಾಲು ಕೊಲ್ಲಿ ದೇಶಗಳದ್ದು. ನೈಸರ್ಗಿಕ ಅನಿಲದಲ್ಲಿಯೂ ಹೆಚ್ಚುಕಡಿಮೆ ಅರ್ಧ ಆಮದು. ಮುಂದಿನದೆಲ್ಲ ಈ ಎರಡನೆಯದರ ಕಥೆ.

ಸಾಗಿಸುವುದೇ ದೊಡ್ಡ ಕಷ್ಟ

ಕಲ್ಲಿದ್ದಲನ್ನು ರೈಲಿಗೆ ಸುರಿಯಬಹುದು, ತೈಲವನ್ನು ಪೀಪಾಯಿಗೆ ತುಂಬಬಹುದು. ಅನಿಲ ಹಾಗಲ್ಲ. ಒಂದು ಪೀಪಾಯಿ ತುಂಬ ಮೀಥೇನ್ ಇದ್ದರೆ ಒಂದು ಹೊತ್ತಿನ ಅಡುಗೆಗೂ ಸಾಲದು. ಅದನ್ನು ಅಪಾರ ಪ್ರಮಾಣದಲ್ಲಿ ದೂರಕ್ಕೆ ಒಯ್ಯಲು ಇರುವುದು ಎರಡೇ ದಾರಿ: ಕೊಳವೆ ಅಥವಾ ಚಳಿ.

ಕೊಳವೆ ಅಗ್ಗ. ಆದರೆ ಒಮ್ಮೆ ಹೂತರೆ ಮಾರುವವನೂ ಕೊಳ್ಳುವವನೂ ನಡುವಿನ ಜಮೀನಿನವನೂ ಒಬ್ಬರಿಗೊಬ್ಬರು ಗಂಟುಬಿದ್ದ ಹಾಗೆ. ಇರಾನಿನಿಂದ ಪಾಕಿಸ್ತಾನದ ಮೂಲಕ, ತುರ್ಕಮೆನಿಸ್ತಾನದಿಂದ ಅಫ್ಘಾನಿಸ್ತಾನದ ಮೂಲಕ ಭಾರತಕ್ಕೆ ಕೊಳವೆ ತರುವ ಮಾತು ದಶಕಗಳಿಂದ ನಡೆದಿದೆ. ಒಂದೂ ನಮ್ಮ ಗಡಿ ಮುಟ್ಟಲಿಲ್ಲ. ಹಾಗಾಗಿ ನಮ್ಮ ಆಮದು ಅನಿಲವೆಲ್ಲ ಸಮುದ್ರದ ಮೇಲೆಯೇ ಬರಬೇಕು.

ಮೀಥೇನನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗಾಗಿಸಿದರೆ ಬಣ್ಣವಿಲ್ಲದ ದ್ರವವಾಗುತ್ತದೆ, ಅದರ ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉದ್ದ, ಅಗಲ, ಎತ್ತರ ಹತ್ತತ್ತು ಅಡಿಯ ಒಂದು ಕೋಣೆಯನ್ನು ಕಲ್ಪಿಸಿಕೊಳ್ಳಿ. ಅದರ ತುಂಬ ಇರುವ ಅನಿಲ ಎರಡು ಮೂರು ಕೊಡಗಳಲ್ಲಿ ಹಿಡಿಸುತ್ತದೆ. ಇಷ್ಟು ಕುಗ್ಗಿದರೆ ಮಾತ್ರ ಹಡಗಿನ ಬಾಡಿಗೆ ಗಿಟ್ಟುತ್ತದೆ.

ಈ ಹಡಗುಗಳು ತೇಲುವ ಥರ್ಮಾಸ್ ಫ್ಲಾಸ್ಕುಗಳು. ಎಷ್ಟೇ ಹೊದಿಕೆ ಇದ್ದರೂ ಒಳಗಿನ ದ್ರವ ದಿನವೂ ಒಂದಿಷ್ಟು ಕುದಿದು ಅನಿಲವಾಗುತ್ತಲೇ ಇರುತ್ತದೆ. ಹೆಚ್ಚಿನ ಹಡಗುಗಳು ಅದನ್ನೇ ಎಂಜಿನ್‌ಗೆ ಉರಿಸಿಕೊಂಡು ಸಾಗುತ್ತವೆ. ದೇಶಕ್ಕೆ ಇಂಥ ಮೊದಲ ಸರಕನ್ನು ತಂದ ಹಡಗಿನ ಹೆಸರು ‘ದಿಶಾ’. 2004ರ ಜನವರಿ ಕೊನೆಯಲ್ಲಿ ಕತಾರಿನಿಂದ ಗುಜರಾತಿನ ದಹೇಜ್‌ಗೆ ಬಂತು. ಅಲ್ಲಿ ಪೆಟ್ರೊನೆಟ್ ಕಂಪನಿಯ ಟರ್ಮಿನಲ್ಲಿನಲ್ಲಿ ದ್ರವವನ್ನು ಇಳಿಸಿ, ಬೆಚ್ಚಗೆ ಮಾಡಿ, ಮತ್ತೆ ಅನಿಲವಾಗಿಸಿ ಕೊಳವೆಗೆ ಬಿಡುತ್ತಾರೆ.

ಈಗಿನ ದೊಡ್ಡ ಹಡಗೊಂದು ಸುಮಾರು 1,74,000 ಘನ ಮೀಟರ್ ದ್ರವ ಹೊರುತ್ತದೆ. ಅನಿಲವಾದಾಗ ಅದು ಹತ್ತು ಕೋಟಿ ಘನ ಮೀಟರ್. ತಿಂಗಳಿಗೆ 15 ಘನ ಮೀಟರ್ ಉರಿಸುವ ಮನೆ ಎಂದಿಟ್ಟುಕೊಂಡರೆ ಒಂದೇ ಹಡಗು ಐದು ಲಕ್ಷಕ್ಕೂ ಹೆಚ್ಚು ಮನೆಗಳ ವರ್ಷದ ಅಡುಗೆಗೆ ಸಾಕು. ಒಂದು ಹಡಗು ದಿಕ್ಕು ಬದಲಿಸಿದರೆ ಇಡೀ ದೇಶಗಳು ಕಂಗಾಲಾಗುವುದು ಏಕೆ ಎಂಬುದು ಈ ಲೆಕ್ಕದಿಂದ ಅರ್ಥವಾಗುತ್ತದೆ.

ವರ್ತನೆ ಹಾಲು, ಅಂಗಡಿ ಹಾಲು

ಅನಿಲವನ್ನು ದ್ರವ ಮಾಡುವ ಸ್ಥಾವರ ಕಟ್ಟಲು ಸಾವಿರ ಕೋಟಿ ಡಾಲರ್ ದಾಟಿದ ಉದಾಹರಣೆಗಳಿವೆ. ಕೊಳ್ಳುವವರು ಖಚಿತವಾಗಿ ಇದ್ದಾರೆ ಎಂದಾಗದೆ ಯಾವ ಬ್ಯಾಂಕೂ ಅಷ್ಟು ಸಾಲ ಕೊಡುವುದಿಲ್ಲ. ಅದಕ್ಕಾಗಿಯೇ ಇಪ್ಪತ್ತು, ಇಪ್ಪತ್ತೈದು ವರ್ಷಗಳ ಒಪ್ಪಂದಗಳು ಹುಟ್ಟಿಕೊಂಡವು.

ನಮ್ಮಲ್ಲಿ ವರ್ತನೆ ಹಾಲು ಹಾಕಿಸಿಕೊಳ್ಳುವುದಿಲ್ಲವೇ, ಇದೂ ಹಾಗೆಯೇ. ದಿನಕ್ಕೆ ಇಷ್ಟು ಎಂದು ಮಾತಾಗಿರುತ್ತದೆ, ತಿಂಗಳಿಗೊಮ್ಮೆ ಲೆಕ್ಕ. ಹೇಳದೆ ಊರಿಗೆ ಹೋದರೂ ಹಾಲಿನವರು ಆ ದಿನದ ದುಡ್ಡು ಹಿಡಿಯುತ್ತಾರೆ. ಅನಿಲದ ಒಪ್ಪಂದದಲ್ಲಿ ಇದಕ್ಕೆ ‘ಒಯ್ಯಿ ಇಲ್ಲವೇ ಹಣ ಕಟ್ಟು’ ಎಂಬ ಷರತ್ತು ಇರುತ್ತದೆ. ಬೆಲೆಯನ್ನು ಬಹಳಷ್ಟು ಸಲ ಕಚ್ಚಾ ತೈಲದ ಬೆಲೆಗೆ ಕಟ್ಟಿಹಾಕಿರುತ್ತಾರೆ. ಅನಿಲದ ಬೆಲೆಗೆ ತೈಲ ಏಕೆ ಎಂದರೆ, ಜಪಾನ್ 1969ರಲ್ಲಿ ಎಲ್‌ಎನ್‌ಜಿ ತರಿಸಲು ಶುರು ಮಾಡಿ, ಮುಂದೆ ತೈಲ ಉರಿಸುತ್ತಿದ್ದ ವಿದ್ಯುತ್ ಸ್ಥಾವರಗಳನ್ನು ಅನಿಲಕ್ಕೆ ಬದಲಿಸುತ್ತ ಹೋಯಿತು. ಆಗ ಹೋಲಿಕೆಗೆ ಸಿಕ್ಕ ಬೆಲೆ ತೈಲದ್ದೇ. ರೂಢಿ ಉಳಿದುಕೊಂಡಿತು.

ವರ್ತನೆ ಸಾಲದೆ ಹೋದಾಗ ಅಂಗಡಿಗೆ ಓಡಿ ಆ ಹೊತ್ತಿನ ದರಕ್ಕೆ ತರುವುದೂ ಇದೆ. ಅನಿಲದಲ್ಲಿ ಇದು ಸ್ಪಾಟ್ ಮಾರುಕಟ್ಟೆ. ಒಂದೊಂದು ಹಡಗಿಗೆ ಒಂದೊಂದು ಚೌಕಾಸಿ. 2020ರ ವಸಂತದಲ್ಲಿ, ಕೊರೊನಾದಿಂದ ಜಗತ್ತು ಬಾಗಿಲು ಹಾಕಿಕೊಂಡಿದ್ದಾಗ, ಏಷ್ಯಾದ ಸ್ಪಾಟ್ ಬೆಲೆ ಒಂದು ಎಂಎಂಬಿಟಿಯುಗೆ ಎರಡು ಡಾಲರಿಗಿಂತ ಕೆಳಗೆ ಇಳಿದಿತ್ತು. ಎಂಎಂಬಿಟಿಯು ಎಂಬುದು ಶಾಖದ ಅಳತೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸರಿಸುಮಾರು ಒಂದೂವರೆ ಅಡುಗೆ ಸಿಲಿಂಡರಿನಷ್ಟು ಕಾವು.

ವರ್ತನೆಯ ಬೆಲೆ ಅಂಗಡಿಯ ಬೆಲೆಗಿಂತ ಹೆಚ್ಚಾದಾಗ ಏನಾಗುತ್ತದೆ? 2015ರಲ್ಲಿ ಪೆಟ್ರೊನೆಟ್‌ಗೆ ಈ ಪರಿಸ್ಥಿತಿ ಬಂತು. ಕತಾರಿನ ಒಪ್ಪಂದದ ಬೆಲೆ ಐದು ವರ್ಷಗಳ ತೈಲ ಬೆಲೆಯ ಸರಾಸರಿಗೆ ಅಂಟಿಕೊಂಡಿತ್ತು, ತೈಲ ಕುಸಿದರೂ ಅದು ಬೇಗ ಇಳಿಯಲಿಲ್ಲ. ಸ್ಪಾಟ್ ಬೆಲೆ ಅದರ ಅರ್ಧ. ಪೆಟ್ರೊನೆಟ್ ಮಾತಾದದ್ದಕ್ಕಿಂತ ಕಡಿಮೆ ಅನಿಲ ಒಯ್ಯಿತು, 12,000 ಕೋಟಿ ರೂಪಾಯಿಯಷ್ಟು ದಂಡ ತಲೆಯ ಮೇಲೆ ಬಂತು. ಕೊನೆಗೆ ಎರಡೂ ಕಡೆಯವರು ಕೂತು ಮಾತಾಡಿದರು. ಕತಾರ್ ದಂಡ ಬಿಟ್ಟುಕೊಟ್ಟಿತು, ಐದು ವರ್ಷದ ಸರಾಸರಿ ಹೋಗಿ ಮೂರು ತಿಂಗಳ ಸರಾಸರಿ ಬಂತು, ಭಾರತ ಇನ್ನೂ ಹತ್ತು ಲಕ್ಷ ಟನ್ ಹೆಚ್ಚು ಕೊಳ್ಳಲು ಒಪ್ಪಿತು. ಇಪ್ಪತ್ತೈದು ವರ್ಷ ಮುಖ ನೋಡಬೇಕಾದವರು ಹೀಗೆಯೇ ನಡೆದುಕೊಳ್ಳಬೇಕು, ನನಗೆ ಇದು ಒಳ್ಳೆಯ ವ್ಯಾಪಾರದ ಮಾದರಿಯಾಗಿ ಕಾಣುತ್ತದೆ.

ಒಂದೇ ಅನಿಲ, ಊರಿಗೊಂದು ಬೆಲೆ

ತೈಲಕ್ಕೆ ಜಗತ್ತಿನಾದ್ಯಂತ ಹೆಚ್ಚುಕಡಿಮೆ ಒಂದೇ ಬೆಲೆ. ಅನಿಲಕ್ಕೆ ಹಾಗಿಲ್ಲ, ಸಾಗಿಸುವ ಕಷ್ಟವೇ ಕಾರಣ. ಸುದ್ದಿಯಲ್ಲಿ ಮೂರು ಬೆಲೆಗಳ ಹೆಸರು ಕೇಳುತ್ತೇವೆ. ಅಮೆರಿಕದ್ದು ಹೆನ್ರಿ ಹಬ್; ಲೂಸಿಯಾನಾದಲ್ಲಿ ಹಲವು ಕೊಳವೆಗಳು ಕೂಡುವ ಜಾಗದ ಹೆಸರು. ಯುರೋಪಿನದು ಟಿಟಿಎಫ್, ನೆದರ್ಲೆಂಡ್ಸ್‌ನ ಕೊಳವೆ ಜಾಲದ ಮೇಲೆ ನಡೆಯುವ ವಹಿವಾಟು. ಜಪಾನ್, ಕೊರಿಯಾಗಳಿಗೆ ಬರುವ ಹಡಗುಗಳ ಸ್ಪಾಟ್ ಬೆಲೆ ಜೆಕೆಎಂ.

2022ರ ಆಗಸ್ಟ್‌ನಲ್ಲಿ ಅಮೆರಿಕದ ಬೆಲೆ ಹತ್ತು ಡಾಲರಿನ ಆಸುಪಾಸಿನಲ್ಲಿದ್ದಾಗ ಯುರೋಪಿನ ಬೆಲೆ ತೊಂಬತ್ತರ ಹತ್ತಿರ ಹೋಗಿತ್ತು. ಅದೇ ಮೀಥೇನ್, ಒಂಬತ್ತು ಪಟ್ಟು ಬೆಲೆ. ಅಮೆರಿಕದ ಬಾವಿಗಳಲ್ಲಿ ಅನಿಲ ಎಷ್ಟಿದ್ದರೂ ಅದನ್ನು ದ್ರವ ಮಾಡುವ ಸ್ಥಾವರಗಳಿಗೆ ಮಿತಿಯಿತ್ತು. ಬಾವಿಯ ಬಾಯಿಗಿಂತ ಬಂದರಿನ ಬಾಯಿ ಚಿಕ್ಕದು.

2022: ಯುರೋಪಿನ ಚಳಿ, ದಕ್ಷಿಣ ಏಷ್ಯಾದ ಕತ್ತಲೆ

ಯುಕ್ರೇನ್ ಯುದ್ಧಕ್ಕೆ ಮುಂಚೆ ಯುರೋಪಿಯನ್ ಒಕ್ಕೂಟ ಆಮದು ಮಾಡಿಕೊಳ್ಳುತ್ತಿದ್ದ ಅನಿಲದಲ್ಲಿ ಶೇ 40ಕ್ಕೂ ಹೆಚ್ಚು ಪಾಲು ರಷ್ಯಾದ್ದು, ಅದರ ಬಹುಭಾಗ ಕೊಳವೆಯದು. 2022ರಲ್ಲಿ ಅದು ಹಂತಹಂತವಾಗಿ ಬತ್ತಿತು. ಸೆಪ್ಟೆಂಬರ್ 26ರಂದು ಬಾಲ್ಟಿಕ್ ಸಮುದ್ರದಡಿಯ ನಾರ್ಡ್ ಸ್ಟ್ರೀಮ್ ಕೊಳವೆಗಳೇ ಸ್ಫೋಟಗೊಂಡವು. ಅಲ್ಲಿಯವರೆಗೆ ಒಂದೂ ಎಲ್‌ಎನ್‌ಜಿ ಟರ್ಮಿನಲ್ ಇಲ್ಲದಿದ್ದ ಜರ್ಮನಿ, ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿ ತಿಂಗಳುಗಳಲ್ಲೇ ತೇಲುವ ಟರ್ಮಿನಲ್ ಸಿದ್ಧಪಡಿಸಿ ಡಿಸೆಂಬರ್‌ನಲ್ಲಿ ಉದ್ಘಾಟಿಸಿತು.

ಯುರೋಪಿಗೆ ಚಳಿಗಾಲ ದಾಟಲು ಹಡಗುಗಳು ಬೇಕಿದ್ದವು, ಕೈಯಲ್ಲಿ ಹಣವೂ ಇತ್ತು. ದೊಡ್ಡ ಹಡಗೊಂದರಲ್ಲಿ ಸುಮಾರು 35 ಲಕ್ಷ ಎಂಎಂಬಿಟಿಯು ಅನಿಲ ಇರುತ್ತದೆ. ಹತ್ತು ಡಾಲರ್ ಬೆಲೆಗೆ ಅದು ಮೂರೂವರೆ ಕೋಟಿ ಡಾಲರಿನ ಸರಕು, ನಲವತ್ತಕ್ಕೆ ಏರಿದರೆ ಹದಿನಾಲ್ಕು ಕೋಟಿಯದು. ಇಷ್ಟು ಅಂತರ ಇರುವಾಗ ಏಷ್ಯಾದತ್ತ ಹೊರಟ ಹಡಗು ಯುರೋಪಿಗೆ ತಿರುಗುವುದರಲ್ಲಿ ಆಶ್ಚರ್ಯವಿಲ್ಲ.

ಬಡ ದೇಶಗಳ ಪಾಡು ಮಾತ್ರ ಕರುಳು ಹಿಂಡುವಂಥದ್ದು. 2022ರ ಜುಲೈನಲ್ಲಿ ಪಾಕಿಸ್ತಾನ ಹತ್ತು ಹಡಗು ಅನಿಲಕ್ಕೆ ಟೆಂಡರ್ ಕರೆದರೆ ಒಬ್ಬನೂ ಬರಲಿಲ್ಲ. ಬಾಂಗ್ಲಾದೇಶ ಸ್ಪಾಟ್ ಖರೀದಿಯನ್ನೇ ನಿಲ್ಲಿಸಿ, ವೇಳಾಪಟ್ಟಿ ಹಾಕಿ ವಿದ್ಯುತ್ ಕಡಿತ ಮಾಡಿತು. ಯುರೋಪಿನ ಮನೆ ಬೆಚ್ಚಗೆ ಉಳಿಯಲು ಢಾಕಾದ ಫ್ಯಾನು ನಿಂತಿತು. ಯಾರೂ ಯಾರಿಗೂ ಕೇಡು ಬಯಸಿರಲಿಲ್ಲ; ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ಸರಕು ಹೋಯಿತು, ಅಷ್ಟೇ.

ವರ್ತನೆಯವರೇ ಕೈಕೊಟ್ಟಾಗ

ಸ್ಪಾಟ್ ನಂಬಿದವರಿಗೆ ಆ ಗತಿ, ಸರಿ. ಇಪ್ಪತ್ತು ವರ್ಷದ ಒಪ್ಪಂದ ಇದ್ದವರಿಗೆ?

ಭಾರತದ ಸರ್ಕಾರಿ ಕಂಪನಿ ಗೇಲ್, ರಷ್ಯಾದ ಗಾಜ್‌ಪ್ರೋಮ್‌ನ ಸಿಂಗಪುರದ ಘಟಕದೊಂದಿಗೆ 2012ರಲ್ಲಿ ಇಂಥ ಒಪ್ಪಂದ ಮಾಡಿಕೊಂಡಿತ್ತು. ವರ್ಷಕ್ಕೆ 25 ಲಕ್ಷ ಟನ್ ಆಸುಪಾಸು. 2018ರಿಂದ ಹಡಗುಗಳು ಬರುತ್ತಿದ್ದವು. ಸಿಂಗಪುರದ ಈ ಘಟಕ ಕಾಗದದ ಮೇಲೆ ಗಾಜ್‌ಪ್ರೋಮ್‌ನ ಜರ್ಮನ್ ಅಂಗಸಂಸ್ಥೆಯ ಮಗುವಾಗಿತ್ತು. 2022ರ ಏಪ್ರಿಲ್‌ನಲ್ಲಿ ಜರ್ಮನ್ ಸರ್ಕಾರ ಆ ಅಂಗಸಂಸ್ಥೆಯನ್ನು ತನ್ನ ಉಸ್ತುವಾರಿಗೆ ತೆಗೆದುಕೊಂಡಿತು. ಉತ್ತರವಾಗಿ ರಷ್ಯಾ ಅದರ ಮೇಲೆ ನಿರ್ಬಂಧ ಹೇರಿ ಅನಿಲ ಕೊಡುವುದನ್ನು ನಿಲ್ಲಿಸಿತು. ಜಗಳ ಜರ್ಮನಿ ಮತ್ತು ರಷ್ಯಾದ ನಡುವಿನದು, ಹಡಗು ಬಾರದೆ ಹೋದದ್ದು ನಮಗೆ. ಗೇಲ್ ತನ್ನ ಗೊಬ್ಬರದ ಮತ್ತು ಕೈಗಾರಿಕೆಯ ಗ್ರಾಹಕರಿಗೆ ಅನಿಲ ಕಡಿತ ಮಾಡಬೇಕಾಯಿತು. 2023ರಲ್ಲಿ ಸರಬರಾಜು ಮತ್ತೆ ಶುರುವಾಯಿತು. ನಷ್ಟಕ್ಕಾಗಿ ಗೇಲ್ ಲಂಡನ್ನಿನಲ್ಲಿ 180 ಕೋಟಿ ಡಾಲರಿನ ಮಧ್ಯಸ್ಥಿಕೆ ಮೊಕದ್ದಮೆ ಹೂಡಿ, 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು.

ಇಂಧನ ಭದ್ರತೆ ಎಂಬ ದೊಡ್ಡ ಮಾತಿನ ಅರ್ಥ ನನಗೆ ಸ್ಪಷ್ಟವಾದದ್ದು ಈ ಪ್ರಕರಣದಲ್ಲಿ. ನೆಲದಡಿ ಅನಿಲ ಇದೆಯೇ ಎಂಬುದಕ್ಕಿಂತ, ಕೊಡುತ್ತೇನೆಂದವರು ಕೊಡುವ ಸ್ಥಿತಿಯಲ್ಲಿ ಇರುತ್ತಾರೆಯೇ, ದಾರಿ ತೆರೆದಿರುತ್ತದೆಯೇ, ಮನೆಯಲ್ಲಿ ನಾಲ್ಕು ದಿನಕ್ಕೆ ಆಗುವಷ್ಟು ಕೂಡಿಟ್ಟಿದ್ದೇವೆಯೇ ಎಂಬ ಪ್ರಶ್ನೆಗಳೇ ಹೆಚ್ಚು ತೂಕದವು.

ದಾರಿಯ ಮಾತು: ಹೊರ್ಮುಜ್

ಕತಾರಿನ ಅನಿಲ ಇರುವುದು ಸಮುದ್ರದಡಿಯ ನಾರ್ತ್ ಫೀಲ್ಡ್‌ನಲ್ಲಿ. ಜಗತ್ತಿನ ಅತಿ ದೊಡ್ಡ ಅನಿಲ ನಿಕ್ಷೇಪ ಅದು. ಗಡಿಯಾಚೆ ಅದರದೇ ಇನ್ನೊಂದು ಭಾಗವನ್ನು ಇರಾನ್ ‘ದಕ್ಷಿಣ ಪಾರ್ಸ್’ ಎಂದು ಕರೆಯುತ್ತದೆ. ಒಂದೇ ಬಾವಿಯ ನೀರನ್ನು ಎರಡು ಮನೆಯವರು ಸೇದುವ ಹಾಗೆ. ರಾಸ್ ಲಫಾನ್ ಬಂದರಿನಲ್ಲಿ ಹಡಗಿಗೆ ತುಂಬಿದ ಮೇಲೆ ಹೊರಸಮುದ್ರಕ್ಕೆ ಬರಲು ಇರುವುದು ಒಂದೇ ಬಾಗಿಲು, ಹೊರ್ಮುಜ್ ಜಲಸಂಧಿ. ಅತಿ ಕಿರಿದಾದ ಕಡೆ ಅದರ ಅಗಲ ಸುಮಾರು 33 ಕಿಲೋಮೀಟರ್. ಒಂದು ದಡ ಇರಾನ್, ಇನ್ನೊಂದು ಒಮಾನ್.

ತೈಲಕ್ಕೆ ಒಂದಿಷ್ಟು ಪರ್ಯಾಯವಿದೆ. ಸೌದಿ ಅರೇಬಿಯಾ ಕೆಂಪು ಸಮುದ್ರದ ಕಡೆಗೆ, ಯುಎಇ ಫುಜೈರಾದ ಕಡೆಗೆ ಕೊಳವೆ ಹಾಕಿಕೊಂಡಿವೆ. ಕತಾರಿನ ಎಲ್‌ಎನ್‌ಜಿಗೆ ಅಂಥ ಅಡ್ಡದಾರಿ ಇಲ್ಲ. 2024ರಲ್ಲಿ ಜಗತ್ತಿನ ಎಲ್‌ಎನ್‌ಜಿ ವ್ಯಾಪಾರದ ಐದರಲ್ಲೊಂದು ಪಾಲು ಈ ಬಾಗಿಲಿನಿಂದ ಹೊರಬಂತು. ಭಾರತದ ಮಟ್ಟಿಗೆ ಕತಾರ್, ಯುಎಇ ಎರಡೂ ಸೇರಿದರೆ ಆಮದಿನ ಅರ್ಧದಷ್ಟು.

ಹಾಗಾದರೆ ಕತಾರಿನಿಂದ ಏಕೆ ಕೊಳ್ಳಬೇಕು? ಹತ್ತಿರ ಎಂಬುದು ಸರಳ ಉತ್ತರ. ದಹೇಜ್‌ಗೆ ಕೆಲವೇ ದಿನಗಳ ಪ್ರಯಾಣ. ಅಮೆರಿಕದ ಲೂಸಿಯಾನಾದಿಂದ ಬರುವ ಹಡಗಿಗೆ ವಾರಗಳು ಬೇಕು. ಗೇಲ್ ಅಮೆರಿಕದೊಂದಿಗೂ ಒಪ್ಪಂದ ಮಾಡಿಕೊಂಡಿದೆ. ಅದರ ಮೊದಲ ಸರಕು 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದಾಭೋಲ್‌ಗೆ ಬಂತು. ಅದರ ಬೆಲೆ ಹೆನ್ರಿ ಹಬ್‌ಗೆ ಅಂಟಿಕೊಂಡಿದೆ, ತೈಲಕ್ಕಲ್ಲ. ಒಂದು ಕಡೆ ಏರಿದಾಗ ಇನ್ನೊಂದು ಕಡೆ ಇಳಿದಿರಲಿ ಎಂಬ ಲೆಕ್ಕ. 2024ರ ಫೆಬ್ರವರಿಯಲ್ಲಿ ಕತಾರಿನ ವರ್ಷಕ್ಕೆ 75 ಲಕ್ಷ ಟನ್ನಿನ ಒಪ್ಪಂದವನ್ನೂ 2048ರವರೆಗೆ ಮುಂದುವರಿಸಲಾಯಿತು.

ಹಗೇವು ಇಲ್ಲದ ಮನೆ

ನಮ್ಮ ಹಳ್ಳಿಗಳಲ್ಲಿ ಜೋಳ, ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಯುರೋಪ್ ಅನಿಲವನ್ನು ಹಾಗೆಯೇ ಇಡುತ್ತದೆ. ಬರಿದಾದ ಅನಿಲ ನಿಕ್ಷೇಪಗಳು, ನೆಲದಡಿಯ ಉಪ್ಪಿನ ಪದರಗಳಲ್ಲಿ ಕೊರೆದ ಗುಹೆಗಳು ಅವರ ಹಗೇವು. ಬೇಸಿಗೆಯಲ್ಲಿ ತುಂಬಿ ಚಳಿಗಾಲದಲ್ಲಿ ತೆಗೆಯುತ್ತಾರೆ.

ಭಾರತದಲ್ಲಿ ಕಚ್ಚಾ ತೈಲಕ್ಕೆ ಇಂಥ ಕಣಜಗಳಿವೆ, ಮೂರರಲ್ಲಿ ಎರಡು ನಮ್ಮ ಕರಾವಳಿಯಲ್ಲೇ: ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್. ಗಟ್ಟಿ ಕಲ್ಲನ್ನು ಕೊರೆದು ಮಾಡಿದ ಈ ಗುಹೆಗಳು ತೈಲಕ್ಕೆ ಹೊಂದುತ್ತವೆ. ಮೀಥೇನ್ ಕೂಡಿಡಲು ಬೇರೆ ಬಗೆಯ ನೆಲ ಬೇಕು, ಅಂಥ ದೊಡ್ಡ ಸಂಗ್ರಹ ನಮ್ಮಲ್ಲಿಲ್ಲ. ಟರ್ಮಿನಲ್ಲಿನ ಟ್ಯಾಂಕುಗಳಲ್ಲಿ ಇರುವುದು ದಿನಗಳ ಲೆಕ್ಕದ ಅನಿಲ. ಈ ಕೊರತೆಯ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಿಲ್ಲ.

ಬಂದರಿಗೆ ಬಂದ ಅನಿಲ ಊರು ಸೇರಲೂ ಕೊಳವೆ ಬೇಕು. ಕೊಚ್ಚಿಯ ಟರ್ಮಿನಲ್ 2013ರಲ್ಲೇ ಸಿದ್ಧವಾದರೂ ಕೊಳವೆ ಇಲ್ಲದೆ ವರ್ಷಗಳ ಕಾಲ ಬಹುತೇಕ ಖಾಲಿ ಕೂತಿತ್ತು. ಅಲ್ಲಿಂದ ಮಂಗಳೂರಿಗೆ 450 ಕಿಲೋಮೀಟರ್ ಕೊಳವೆ ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ಉತ್ತರದಿಂದ ದಾಭೋಲ್–ಬೆಂಗಳೂರು ಕೊಳವೆ 2013ರಲ್ಲಿ ಬಂದಿತ್ತು. ಬೆಂಗಳೂರಿನ ಒಲೆಗಳಿಗೆ ಅನಿಲ ತಲುಪುವುದು ಈ ದಾರಿಯಿಂದ.

ಯೂರಿಯಾ ಚೀಲ

ಕೊಚ್ಚಿಯ ಕೊಳವೆಯ ತುದಿಯಲ್ಲಿರುವ ದೊಡ್ಡ ಗ್ರಾಹಕ ಪಣಂಬೂರಿನ ಗೊಬ್ಬರ ಕಾರ್ಖಾನೆ. ಮೊದಲು ಅಲ್ಲಿ ನಾಫ್ತಾ ಎಂಬ ದುಬಾರಿ ತೈಲೋತ್ಪನ್ನ ಬಳಸುತ್ತಿದ್ದರು, ಕೊಳವೆ ಬಂದ ಮೇಲೆ ಅನಿಲಕ್ಕೆ ಬದಲಾಯಿಸಿದರು. ಇಲ್ಲಿ ಅನಿಲ ಬರೀ ಉರಿಸುವ ಸೌದೆಯಲ್ಲ, ಅದೇ ಕಚ್ಚಾ ಸಾಮಗ್ರಿ. ಮೀಥೇನನ್ನು ಹಬೆಯೊಂದಿಗೆ ಒಡೆದು ಜಲಜನಕ ತೆಗೆಯುತ್ತಾರೆ. ಗಾಳಿಯ ಸಾರಜನಕದೊಂದಿಗೆ ಅದನ್ನು ಕೂಡಿಸಿದರೆ ಅಮೋನಿಯಾ. ಅಮೋನಿಯಾಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿಸಿದರೆ ಯೂರಿಯಾ, ಹೊಲಕ್ಕೆ ಎರಚುವ ಆ ಬಿಳಿ ಹರಳು. ಯೂರಿಯಾ ತಯಾರಿಯ ಖರ್ಚಿನಲ್ಲಿ ಸಿಂಹಪಾಲು ಅನಿಲದ್ದೇ. ದೇಶದಲ್ಲಿ ಅನಿಲದ ಅತಿ ದೊಡ್ಡ ಗ್ರಾಹಕರೂ ಗೊಬ್ಬರ ಕಾರ್ಖಾನೆಗಳೇ.

ಕೊರತೆ ಬಂದಾಗ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಸಾಲು ಇರುತ್ತದೆ. ದೇಶದೊಳಗಿನ ಬಾವಿಗಳ ಅಗ್ಗದ ಅನಿಲದಲ್ಲಿ ಮನೆಯ ಕೊಳವೆಗೂ ವಾಹನಗಳ ಸಿಎನ್‌ಜಿಗೂ ಆದ್ಯತೆ. 2023ರ ಏಪ್ರಿಲ್‌ನಿಂದ ಆ ಅನಿಲದ ಬೆಲೆಗೆ ಮಿತಿಯನ್ನೂ ಹಾಕಲಾಗಿದೆ. ಒಲೆಗೆ ಹೊರಗಿನ ಬಿಸಿ ನೇರವಾಗಿ ತಟ್ಟದಿರಲು ಇದು ಕಾರಣ. ಗುಜರಾತಿನ ಮೋರ್ಬಿಯ ಟೈಲ್ಸ್ ಕಾರ್ಖಾನೆಗಳು ಅನಿಲ ದುಬಾರಿಯಾದರೆ ಪ್ರೊಪೇನ್‌ಗೆ ಬದಲಾಯಿಸಿಕೊಳ್ಳುತ್ತವೆ. ಅನಿಲದ ವಿದ್ಯುತ್ ಸ್ಥಾವರಗಳು ನಿಂತರೆ ಕಲ್ಲಿದ್ದಲಿನವು ಓಡುತ್ತವೆ. ಯೂರಿಯಾ ಕಾರ್ಖಾನೆಗೆ ಅಂಥ ಬದಲಿ ಸುಲಭವಿಲ್ಲ. ಅನಿಲ ಇದ್ದರೆ ಗೊಬ್ಬರ, ಇಲ್ಲದಿದ್ದರೆ ಇಲ್ಲ.

ಸೊಸೈಟಿಯಲ್ಲಿ ರೈತ ಕೊಡುವುದು 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ. ಹೊರಗೆ ಅನಿಲದ ಬೆಲೆ ಎರಡು ಡಾಲರ್ ಇದ್ದಾಗಲೂ ಅದೇ, ಎಂಬತ್ತು ದಾಟಿದಾಗಲೂ ಅದೇ. ನಡುವಿನ ವ್ಯತ್ಯಾಸವನ್ನು ಸರ್ಕಾರ ಸಬ್ಸಿಡಿಯಾಗಿ ತುಂಬುತ್ತದೆ. 2022–23ರ ಬಜೆಟ್‌ನಲ್ಲಿ ಗೊಬ್ಬರದ ಸಬ್ಸಿಡಿಗೆ ಎತ್ತಿಟ್ಟದ್ದು 1.05 ಲಕ್ಷ ಕೋಟಿ ರೂಪಾಯಿ. ವರ್ಷ ಮುಗಿಯುವಾಗ ಖರ್ಚು ಅದರ ಎರಡು ಪಟ್ಟನ್ನೂ ಮೀರಿತ್ತು. ಪೊಟ್ಯಾಷ್, ಡಿಎಪಿಯ ಭಾರವೂ ಅದರಲ್ಲಿ ಇತ್ತು, ಆದರೆ ದೊಡ್ಡ ತುತ್ತು ಯೂರಿಯಾದ್ದು.

ಚೀಲದ ಮೇಲಿನ ಬೆಲೆ ಬದಲಾಗದ ಕಾರಣ ಹೊರಗಿನ ಬಿಕ್ಕಟ್ಟು ರೈತನಿಗೆ ಬೆಲೆಯಾಗಿ ಕಾಣಿಸುವುದಿಲ್ಲ. ಕಾಣಿಸಿದರೆ ಬೇರೆ ರೂಪದಲ್ಲಿ: ಮುಂಗಾರಿನಲ್ಲಿ ಮೇಲುಗೊಬ್ಬರ ಹಾಕುವ ಹೊತ್ತಿಗೆ ಸೊಸೈಟಿಯ ಮುಂದೆ ಬೆಳಗಿನ ಜಾವದಿಂದ ನಿಂತ ಸಾಲು, ಒಬ್ಬರಿಗೆ ಎರಡೇ ಚೀಲ ಎಂಬ ಚೀಟಿ.